ಒಂಟಿ ಕಬ್ಬಿಣ

ನಮ್ಮ ಅವ್ವ ಸೆರೆ, ಅಂದರೆ ಸಾರಾಯಿ, ಎಂಬ ಶಬ್ದವನ್ನು ಬಾಯಿಬಿಟ್ಟು ಆಡಿದವಳಲ್ಲ. ಹೇಳಲೇಬೇಕಾದಾಗ 'ಅದು' ಎನ್ನುತ್ತಿದ್ದಳು. ಇಳಕಲ್ಲಿನ ನಮ್ಮ ಓಣಿಯಲ್ಲಿ 'ಅದು' ಎಂದರೆ ಯಾವುದೆಂದು ಸಣ್ಣ ಮಕ್ಕಳಿಗೂ ತಿಳಿಯುತ್ತಿತ್ತು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಪೂಜೆ ಮುಗಿಯದೆ ಹನಿ ನೀರನ್ನೂ ಬಾಯಿಗೆ ಹಾಕದ ಹೆಂಗಸು ಆಕೆ. ಅಂಥವಳ ಹೊಟ್ಟೆಯಲ್ಲಿ ನಾವಿಬ್ಬರು ಹುಟ್ಟಿದೆವು. ಮಗ ಅದನ್ನು ಕುಡಿಯುತ್ತಿದ್ದ. ಮಗಳಾದ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅದರ ಮೇಲೆಯೇ ಪಿಎಚ್.ಡಿ. ಮಾಡುತ್ತಿದ್ದೆ. ಎರಡರಲ್ಲಿ ಯಾವುದು ಹೆಚ್ಚಿನ ಅಪಮಾನ ಎಂಬುದನ್ನು ಅವ್ವ ಬಹಳ ದಿನ ತೀರ್ಮಾನಿಸಿರಲಿಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತರದು ಶುರುವಾಗಿದ್ದ ಕಾಲ. ಆಗ ನಮ್ಮ ಕಡೆಯೆಲ್ಲ ಬಿಜಾಪುರ ಜಿಲ್ಲೆಗೇ ಸೇರಿತ್ತು. ಹುನಗುಂದದಲ್ಲಿ ಮಾಸ್ತರನಾಗಿದ್ದ ಅಪ್ಪ ತೀರಿಹೋಗಿದ್ದ. ಅಣ್ಣ ಇಳಕಲ್ಲಿನ ಹೊರಗಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಮುಕಾದಮನಾಗಿದ್ದ, ಆಳುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಬಂಡೆಗೆ ಮದ್ದು ಇಟ್ಟು ಸಿಡಿಸಿದ ಮೇಲೆ ಧೂಳು ಇಳಿಯುವ ತನಕ ಯಾರಿಗೂ ಕೆಲಸವಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬಾಟಲಿ ಬಿಚ್ಚುತ್ತಿದ್ದರಂತೆ. ಅಣ್ಣ ಮೊದಲು ಧೂಳಿನ ನೆಪದಲ್ಲಿ ಕುಡಿದ, ಆಮೇಲೆ ಧೂಳಿಲ್ಲದ ದಿನವೂ ಕುಡಿದ.

ಕುಡಿದು ಬಂದವನು ಬೈಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಮಾಡುತ್ತಿರಲಿಲ್ಲ. ನಗುತ್ತಿದ್ದ. ಅದೇ ನನಗೆ ಸಿಟ್ಟು ಬರಿಸುತ್ತಿತ್ತು. ಬೈದರೆ ತಿರುಗಿ ಬೈಯಬಹುದು, ನಗುವವನಿಗೆ ಏನು ಮಾಡುವುದು? "ತಂಗೆವ್ವಾ, ನೀ ಬಾಟಲಿಗಟ್ಟಲೆ ಸ್ಪಿರಿಟ್ ಇಟಗೊಂಡು ಕುಂತಿ, ನಿನಗ ಪದವಿ ಕೊಡ್ತಾರ. ನಾ ಒಂದು ಗುಟುಕ ಕುಡದ್ರ ನನಗ ಬೈತಾರ. ಇದು ಯಾವ ನ್ಯಾಯ?" ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕು, ಹಾಸಿಗೆಯ ಮೇಲೆ ಬೀಳುತ್ತಿದ್ದ.

ಅವನು ಕೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಮೇಜಿನ ಮೇಲೆ ಮೆಥನಾಲ್, ಎಥನಾಲ್, ಪ್ರೊಪನಾಲ್ ಎಂದು ಚೀಟಿ ಅಂಟಿಸಿದ ಸೀಸೆಗಳು ಸಾಲಾಗಿ ನಿಂತಿರುತ್ತಿದ್ದವು. ನನ್ನ ಕೆಲಸ ಇಷ್ಟೇ: ಉಕ್ಕಿನ ಒಂದು ಡಬ್ಬಿಯೊಳಗಿಂದ ಗಾಳಿಯನ್ನೆಲ್ಲ ಹೀರಿ ತೆಗೆಯುವುದು, ಆ ಬಯಲಿನಲ್ಲಿ ಕಬ್ಬಿಣದ ಒಂದೊಂದೇ ಪರಮಾಣುವನ್ನು ವಿದ್ಯುತ್ತಿನ ಅಂಶ ಕೊಟ್ಟು ಬಿಡುವುದು, ಆಮೇಲೆ ಸೂಜಿಯ ಮೊನೆಯಂಥ ಕವಾಟದಿಂದ ಆಲ್ಕೋಹಾಲಿನ ಆವಿಯನ್ನು ಒಂದಿಷ್ಟು ಒಳಗೆ ಹಾಯಿಸಿ, ಏನಾಗುತ್ತದೋ ನೋಡುವುದು. ಹೀಗೆ ವಿದ್ಯುದಂಶ ಹೊತ್ತ ಪರಮಾಣುವಿಗೆ ಅಯಾನು ಎನ್ನುತ್ತಾರೆ. ನೀರಿನಲ್ಲಿ ಕರಗಿದ ಕಬ್ಬಿಣದ ಅಯಾನು ಎಂದೂ ಒಂಟಿಯಲ್ಲ. ಮದುವೆಮನೆಯ ಬೀಗರ ಹಾಗೆ ನೀರಿನ ಕಣಗಳು ಅದನ್ನು ಸುತ್ತುವರಿದು ಕೂತಿರುತ್ತವೆ, ಯಾರನ್ನೂ ಹತ್ತಿರ ಬಿಡುವುದಿಲ್ಲ. ನನ್ನ ಡಬ್ಬಿಯಲ್ಲಿ ಮಾತ್ರ ಅದಕ್ಕೆ ಯಾರೂ ಇರುತ್ತಿರಲಿಲ್ಲ. ಬರಿಮೈಯ ಕಬ್ಬಿಣ.

ಆ ಬರಿಮೈಯ ಕಬ್ಬಿಣಕ್ಕೆ ಎಥನಾಲಿನ ಒಂದು ಕಣ ಸಿಕ್ಕಿತೆಂದರೆ ಅದನ್ನು ಇಡಿಯಾಗಿ ಉಳಿಯಗೊಡುತ್ತಿರಲಿಲ್ಲ. ಅದರ ಮೈಯಿಂದ ಒಂದು ಕಣ ನೀರನ್ನು ಬೇರ್ಪಡಿಸುತ್ತಿತ್ತು. ಉಳಿದದ್ದು ಎಥಿಲೀನ್, ಬಾಳೆಗೊನೆಯನ್ನು ಹಣ್ಣು ಮಾಡುವ ಅದೇ ಗಾಳಿ. ಕಬ್ಬಿಣ ಕೆಲವೊಮ್ಮೆ ನೀರನ್ನು ಹಿಡಿದುಕೊಂಡು ಗಾಳಿಯನ್ನು ಬಿಡುತ್ತಿತ್ತು, ಕೆಲವೊಮ್ಮೆ ಗಾಳಿಯನ್ನು ಹಿಡಿದು ನೀರನ್ನು ಬಿಡುತ್ತಿತ್ತು. ಅದು ಹಿಡಿದದ್ದನ್ನು ನಾವು ತೂಗುತ್ತಿದ್ದೆವು. ಕಾಗದದ ಸುರುಳಿಯ ಮೇಲೆ ಮುಳ್ಳು ಗೀರುತ್ತ ಹೋಗಿ ಐವತ್ತಾರರ ತೂಕದಲ್ಲಿ ಎದ್ದರೆ ಬರೀ ಕಬ್ಬಿಣ, ಎಪ್ಪತ್ನಾಲ್ಕರಲ್ಲಿ ಎದ್ದರೆ ನೀರು ಹಿಡಿದ ಕಬ್ಬಿಣ. ಕ್ರೋಮಿಯಂ ಇಂಥ ಉಸಾಬರಿಗೆ ಹೋಗುತ್ತಿರಲಿಲ್ಲ, ಆಲ್ಕೋಹಾಲಿಗೆ ಸುಮ್ಮನೆ ಅಂಟಿಕೊಂಡು ಕೂರುತ್ತಿತ್ತು. ಒಂದೊಂದು ಲೋಹಕ್ಕೆ ಒಂದೊಂದು ಗುಣ.

ಇದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಿದವರು ಬಹಳ. ಹಾಸ್ಟೆಲಿನ ಗೆಳತಿಯರು ಕೇಳಿದರು, ನೋಡಲು ಬಂದ ಎರಡು ಗಂಡಿನ ಕಡೆಯವರು ಕೇಳಿದರು. ನನ್ನ ಮಾರ್ಗದರ್ಶಕರೇ ಒಮ್ಮೆ ಚಹಾ ಕುಡಿಯುತ್ತ ಕಿಟಕಿಯಾಚೆ ನೋಡಿ, "ಉಪಯೋಗ ಅಂತ ನೋಡಿದ್ರೆ ಕಷ್ಟ" ಎಂದಿದ್ದರು. ಅದಕ್ಕೊಂದು ಉಪಯೋಗ ಕಂಡುಹಿಡಿದವಳು ಲೋಕದಲ್ಲಿ ಒಬ್ಬಳೇ, ನಮ್ಮವ್ವ.

ಅದು ದೀಪಾವಳಿಯ ರಜೆ. ಹಿತ್ತಿಲಿನ ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ತಿನ್ನುತ್ತಿದ್ದೆ.

"ಲಿಂಗ ಕಟಗೊಂಡು ಅದನ್ನ ಮುಟ್ತೀಯೇನವ್ವಾ ನೀ?" ಎಂದು ಕೇಳಿದಳು.

"ಮುಟ್ಟೂದಿಲ್ಲ. ಅದರ ಉಗಿ ಅಷ್ಟ. ನಳದಾಗ ಬರತೈತಿ, ನಳದಾಗ ಹೋಗತೈತಿ."

"ಉಗಿ ತಗೊಂಡು ಏನ ಮಾಡ್ತಿ?"

ನನಗೆ ಅಂದು ಉಮೇದು. ಹಿಂದಿನ ವಾರವಷ್ಟೇ ಎಪ್ಪತ್ನಾಲ್ಕರ ಗೀರು ಚೊಕ್ಕವಾಗಿ ಎದ್ದಿತ್ತು. ರೊಟ್ಟಿಯ ಚೂರುಗಳನ್ನೇ ಕಣಗಳೆಂದು ಇಟ್ಟು, ಕಬ್ಬಿಣದ ಜಾಗದಲ್ಲಿ ಒಂದು ಕಡಲೆಕಾಳಿಟ್ಟು, ಎಲ್ಲವನ್ನೂ ವಿವರಿಸಿದೆ. ಅವ್ವನ ಕೈ ಹಿಟ್ಟಿನ ಮೇಲೆ ಹಾಗೆಯೇ ನಿಂತಿತು.

"ಅಂದ್ರ, ಕಬ್ಬಣ ಅದನ್ನ ಒಡದು ನೀರ ಮಾಡತೈತಿ?"

"ನೀರು, ಮತ್ತ ಬಾಳಿಹಣ್ಣು ಹಣ್ಣ ಮಾಡೂ ಗಾಳಿ."

"ತಾಮ್ರ? ತಾಮ್ರನೂ ಮಾಡತೈತೇನು?"

"ತಾಮ್ರ ಅಷ್ಟ ಚುರುಕಿಲ್ಲ. ಕಬ್ಬಣನ ಜೋರು."

"ಆದ್ರ ಗಾಳಿ ಇಲ್ಲದ ಡಬ್ಬಿಯೊಳಗ ಅಷ್ಟ ಅವ್ವಾ, ಹೊರಗ ಹಂಗ ಆಗೂದಿಲ್ಲ" ಎಂದೂ ಹೇಳಿದೆ. ಹೇಳಿದ್ದು ನೆನಪಿದೆ. ಅದು ಅವಳ ಕಿವಿಗೆ ಬೀಳಲಿಲ್ಲ. ಸೆರೆ ನೀರಾಗುತ್ತದೆ ಎಂದು ಹೊಟ್ಟೆಯ ಮಗಳು ಹೇಳಿದ ಮೇಲೆ ಉಳಿದ ಮಾತನ್ನು ಯಾವ ತಾಯಿ ಕೇಳಿಸಿಕೊಳ್ಳುತ್ತಾಳೆ?

ಆ ಹೊತ್ತಿಗೆ ಅಣ್ಣನ ಸ್ಥಿತಿ ಕೆಟ್ಟಿತ್ತು. ಕಣ್ಣು ಹಳದಿಯಾಗಿ, ಕಾಲು ಬಾತು, ಬಾಗಲಕೋಟೆಯ ಒಬ್ಬ ಡಾಕ್ಟರರಿಗೆ ತೋರಿಸಿಕೊಂಡು ಬಂದಿದ್ದ. ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: "ಲಿವರ್ ಹೋಗೈತಿ. ಇನ್ನೊಂದು ತಿಳಕೋ. ಸಂಡಾಸ ಡಾಂಬರಿನಂಗ ಕರ್ರಗ ಬಂತಂದ್ರ ಒಳಗ ರಕ್ತ ಸೋರಾಕತ್ತೈತಿ ಅಂತ ಅರ್ಥ. ಅವತ್ತ ಇಲ್ಲಿಗೆ ಓಡಿ ಬರಬೇಕು. ಬರಲಿಲ್ಲಂದ್ರ ಮುಗೀತು." ಅಣ್ಣ ಆ ಡಾಕ್ಟರರ ದನಿಯನ್ನು ನಕಲು ಮಾಡಿ ಮನೆಯವರೆಲ್ಲರನ್ನೂ ನಗಿಸಲು ನೋಡಿದ್ದ. ಯಾರೂ ನಕ್ಕಿರಲಿಲ್ಲ.

ಮುಂದಿನ ಬೇಸಿಗೆಗೆ ಮೀಟರ್ ಗೇಜಿನ ರೈಲಿನಲ್ಲಿ ಬಾದಾಮಿಯವರೆಗೆ ಬಂದು, ಅಲ್ಲಿಂದ ಬಸ್ಸು ಬದಲಿಸುತ್ತ ಮನೆಗೆ ಬಂದಾಗ ನಾನು ಕಂಡದ್ದನ್ನು ನಂಬಲಾಗಲಿಲ್ಲ. ಅಣ್ಣ ಕುಡಿಯುವುದನ್ನು ಬಿಟ್ಟಿದ್ದ. ಸಂಜೆ ಕ್ವಾರಿಯಿಂದ ನೆಟ್ಟಗೆ ಮನೆಗೆ ಬಂದು, ಕೈಕಾಲು ತೊಳೆದು, ಅಂಗಳದಲ್ಲಿ ಮಗಳನ್ನು ಆಡಿಸುತ್ತಿದ್ದ. ಅವನ ಹೆಂಡತಿಯ, ನಮ್ಮ ವೈನಿಯ, ಮುಖದಲ್ಲಿ ಕಳೆ ಬಂದಿತ್ತು. ಅವ್ವನಂತೂ ನನ್ನನ್ನು ಹಾಲು ಕೊಡುವ ಎಮ್ಮೆಯ ಹಾಗೆ ನೋಡಿಕೊಂಡಳು, ಕೇಳದಿದ್ದರೂ ತುಪ್ಪ ಬಡಿಸಿದಳು. ಯಾಕೆಂದು ನನಗೆ ಹೊಳೆಯಲಿಲ್ಲ.

ಆದರೆ ಅಣ್ಣ ನಗುತ್ತಿರಲಿಲ್ಲ. ಮೂರನೆಯ ದಿನ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋದ.

"ತಂಗೆವ್ವಾ, ಯಾರ ಮುಂದೂ ಹೇಳಬ್ಯಾಡ. ನನಗ ಕರ್ರಗ ಆಗಾಕತ್ತೈತಿ. ಭಾಳ ದಿನ ಆತು."

"ಮತ್ತ ದವಾಖಾನಿಗೆ ಯಾಕ ಹೋಗಲಿಲ್ಲ?"

"ಹೋದ್ರ ಅಂವ ಹೇಳಿಬಿಡ್ತಾನಲ್ಲ, ಮುಗೀತು ಅಂತ. ಕಂಡ ದಿನನ ಕುಡಿಯೋದ ಬಿಟ್ಟೆ. ದೇವ್ರು ಇನ್ನೊಂದೀಟ ದಿನ ಇಟ್ರ ಇಡ್ಲಿ ಅಂತ." ನಮ್ಮಣ್ಣ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನವೇ ಅವನನ್ನು ಬಾಗಲಕೋಟೆಗೆ ಎಳೆದುಕೊಂಡು ಹೋದೆ. ಡಾಕ್ಟರರು ಕಣ್ಣರೆಪ್ಪೆ ಬಿಚ್ಚಿ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆಸಿದರು. ವರದಿ ನೋಡಿ ಅವರ ಹುಬ್ಬು ಮೇಲೇರಿತು. ಅಣ್ಣನಿಗೆ, "ಸದ್ಯಕ್ಕೇನೂ ಸೋರಾಕತ್ತಿಲ್ಲಪಾ. ಆದ್ರ ಮತ್ತ ಕುಡದಿ ಅಂದ್ರ ಸೋರತೈತಿ" ಎಂದರು. ಅವನು ಅಂಗಿ ಹಾಕಿಕೊಂಡು ಹೊರಗೆ ಹೋದ ಮೇಲೆ ನನ್ನನ್ನು ನಿಲ್ಲಿಸಿದರು.

"ರಕ್ತ ಸೋರಿದವನ ಮೈಯಾಗ ಇಷ್ಟು ರಕ್ತ ಇರೂದಿಲ್ಲವ್ವಾ. ಇಂವ ಕಬ್ಬಣದ ಗುಳಿಗಿ ಏನರ ತಗೊಳ್ಳಾಕತ್ತಾನೇನು? ಅದರಿಂದನೂ ಕರ್ರಗ ಆಗತೈತಿ."

"ಇಲ್ರಿ. ಅಂವ ಯಾಕ ತಗೊಳ್ಳಲಿ?"

"ಮನಿಯಾಗ ವಿಚಾರ ಮಾಡು. ತಗೊಳ್ಳಾಕತ್ತಿದ್ರ ಬಿಡಿಸು. ಕೆಟ್ಟ ಲಿವರಿಗೆ ಕಬ್ಬಣ ವಿಷ ಇದ್ದಂಗ."

ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಅಣ್ಣ ಇಳಿದು ಹೋಗಿ ಕರದಂಟಿನ ಪೊಟ್ಟಣ ತಂದು ನನ್ನ ತೊಡೆಯ ಮೇಲಿಟ್ಟ. ಎಷ್ಟೋ ವರ್ಷಗಳ ಮೇಲೆ ಅವನು ನನಗೆ ತಂದುಕೊಟ್ಟ ತಿನಿಸು. "ತಿನ್ನು. ಜೀವದಾನ ಕೊಡಿಸಿದಿ" ಎಂದ. ನಾನು ಅಂಟು ಬೆಲ್ಲದ ಆ ಚೂರನ್ನು ಬಾಯಲ್ಲಿಟ್ಟುಕೊಂಡೆ, ಅಗಿಯಲಾಗಲಿಲ್ಲ. ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಕಬ್ಬಣನ ಜೋರು ಎಂದವಳು ನಾನೇ ಅಲ್ಲವೇ, ರೊಟ್ಟಿಯ ಒಲೆಯ ಮುಂದೆ?

ಮನೆಗೆ ಬಂದವಳೇ ಅವ್ವನನ್ನು ಅಡಿಗೆಮನೆಯಲ್ಲಿ ಹಿಡಿದೆ. ಅವಳು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನು ಮಾಡಿದ್ದಳು ಅವಳ ಪ್ರಕಾರ? ನೆಲುವಿನ ಮೇಲಿನಿಂದ ಗುರೆಳ್ಳ ಹಿಂಡಿಯ ಭರಣಿ ಇಳಿಸಿದಳು. ಗುರೆಳ್ಳು ಹುರಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಆ ಕಪ್ಪು ಪುಡಿ ಅಣ್ಣನಿಗೆ ಜೀವ. ಮೊಸರು ಹಾಕಿಕೊಂಡು ದಿನಾ ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದ. ವೈನಿ ಬಸುರಿಯಿದ್ದಾಗ ನರ್ಸಬಾಯಿ ತಿಂಗಳು ತಿಂಗಳು ಕೊಟ್ಟುಹೋದ ಕಬ್ಬಿಣದ ಗುಳಿಗೆಗಳನ್ನು ವೈನಿ ಮಲಬದ್ಧತೆಯಾಗುತ್ತದೆಂದು ನುಂಗದೆ ಡಬ್ಬಿಗೆ ಹಾಕಿದ್ದಳು. ಅವ್ವ ಅವನ್ನು ಒರಳಲ್ಲಿ ಕುಟ್ಟಿ ಹಿಂಡಿಯಲ್ಲಿ ಬೆರೆಸಿದ್ದಳು. ಕಪ್ಪಿನೊಳಗೆ ಏನು ಬೆರೆಸಿದರೆ ಯಾರಿಗೆ ಕಾಣುತ್ತದೆ? ಆ ಡಬ್ಬಿ ಬರಿದಾದ ಮೇಲೆ ನರ್ಸಬಾಯಿಗೆ ತನಗೇ ತಲೆಸುತ್ತು ಎಂದು ಹೇಳಿ ಮತ್ತಷ್ಟು ಇಸಿದುಕೊಂಡಿದ್ದಳು. ಹುಟ್ಟಿದಾಗಿನಿಂದ ಸುಳ್ಳು ಹೇಳದ ಹೆಂಗಸು.

"ನಿನ್ನ ಶಾಸ್ತ್ರ ಖರೆ ಆತಲ್ಲವ್ವಾ! ಕಬ್ಬಣ ಅದನ್ನ ಒಡದ ಬಿಡ್ತು. ಅದರ ಮ್ಯಾಲೆ ಮನಸ ಹೋಗದಂಗ ಮಾಡ್ತು" ಎಂದಳು. ಅವಳ ಕಣ್ಣು ಹೊಳೆಯುತ್ತಿದ್ದವು. ನನ್ನ ಬಗ್ಗೆ ಅಷ್ಟು ಹೆಮ್ಮೆಯಿಂದ ಅವಳು ಹಿಂದೆಂದೂ ಮಾತಾಡಿರಲಿಲ್ಲ.

ನಾನು ಕೂಗಾಡಿದೆ. ಹೊಟ್ಟೆಯೊಳಗೆ ಕಬ್ಬಿಣ ಒಂಟಿಯಾಗಿರುವುದಿಲ್ಲ, ಅಲ್ಲಿ ನೀರಿದೆ, ಅನ್ನವಿದೆ, ಸಾವಿರ ಇವೆ, ಅದು ಯಾವ ಸೆರೆಯನ್ನೂ ಒಡೆಯುವುದಿಲ್ಲ, ಮಗನಿಗೆ ವಿಷ ಹಾಕುತ್ತಿದ್ದೀ ಎಂದೆ. ವಿಷ ಎಂಬ ಮಾತು ಕೇಳಿ ಅವ್ವ ಗೋಡೆ ಹಿಡಿದು ಕೆಳಗೆ ಕೂತಳು.

ಕೂತಲ್ಲಿಂದಲೇ ಕೇಳಿದಳು: "ಹಂಗಾದ್ರ ಅಂವ ಬಿಟ್ಟದ್ದು ಯಾಕ?"

ನಾನು ದನಿ ತಗ್ಗಿಸಿ ಅವಳಿಗೆ ಇದ್ದದ್ದನ್ನು ಬಿಡಿಸಿ ಹೇಳಿದೆ. ಅವನು ಬಿಟ್ಟದ್ದು ಹೆದರಿಕೆಯಿಂದ. ಹೆದರಿದ್ದು ಕಪ್ಪು ಕಂಡು. ಆ ಕಪ್ಪು ಬಂದದ್ದು ಅವ್ವನ ಹಿಂಡಿಯಿಂದ. ಇದನ್ನು ಅವನಿಗೆ ಹೇಳಿದರೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದರೆ ಬಾಟಲಿ ಬರುತ್ತದೆ. ಹೇಳದಿದ್ದರೆ ಒಂದು ಸುಳ್ಳಿನ ಮೇಲೆ ಮನೆ ನಿಲ್ಲುತ್ತದೆ, ಆದರೆ ನಿಲ್ಲುತ್ತದೆ. ನಾನು ಹೇಳದಿರುವುದನ್ನು ಆರಿಸಿಕೊಂಡೆ. ಇಂದಿಗೂ ಅದು ತಪ್ಪೆಂದು ನನಗೆ ಅನ್ನಿಸಿಲ್ಲ. ತಪ್ಪೆನ್ನುವವರು ನಮ್ಮ ಅಂಗಳದಲ್ಲಿ ಆ ಮಗು ಅಪ್ಪನ ಹೆಗಲೇರಿ ಕೂತದ್ದನ್ನು ನೋಡಬೇಕಿತ್ತು.

ಭರಣಿಯನ್ನು ತಿಪ್ಪೆಗೆ ಸುರಿದೆ. ಅವ್ವ ಕೊರಳಿನ ಲಿಂಗ ಹಿಡಿದು ಆಣೆ ಮಾಡಿದಳು: ಇನ್ನು ಕಬ್ಬಿಣ ಹಾಕುವುದಿಲ್ಲ, ಹಾಕಿದ್ದನ್ನು ಮಗನಿಗೆ ಹೇಳುವುದಿಲ್ಲ.

ಎರಡನ್ನೂ ಅವಳು ಪಾಲಿಸಿದಳು. ಹಿಂಡಿ ಬದಲಾಯಿತು, ಅಣ್ಣನ ಕಪ್ಪು ಹೋಯಿತು. ದೇವರು ಕ್ಷಮಿಸಿದ ಎಂದುಕೊಂಡ ಅವನು ಇನ್ನೂ ಬಿಗಿಯಾದ. ಒಂದು ವರ್ಷದ ಮೇಲೆ ಒಂದಿಷ್ಟು ದಿನ ಹಾಗೆಯೇ ನಡೆಯಿತು. ಅವನ ಕಾಗದಗಳಲ್ಲಿ ಮತ್ತೆ ನಗೆಚಾಟಿಕೆ ಬಂತು. ನನ್ನ ಪ್ರಬಂಧದ ಕೊನೆಯ ಅಧ್ಯಾಯಗಳನ್ನು ಬರೆಯುವಾಗ ನನಗೆ ಹಗುರೆನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಓಣಿ ಸುಮ್ಮನಿರಬೇಕಲ್ಲ. ಅಂಥ ಕುಡುಕ ಹೇಗೆ ಬಿಟ್ಟ ಎಂದು ಊರಿಗೆ ಸೋಜಿಗ. ಗುಡೂರಿನಿಂದ ಮದುವೆಯಾಗಿ ನಮ್ಮ ಓಣಿಗೆ ಬಂದಿದ್ದ ಒಬ್ಬ ಹೆಂಗಸು, ಗಂಡನ ಏಟಿಗೆ ತುಟಿ ಒಡೆದುಕೊಂಡು, ಒಂದು ಮಧ್ಯಾಹ್ನ ಅವ್ವನ ಕಾಲು ಹಿಡಿದಳಂತೆ. "ಯವ್ವಾ, ನೀ ಏನ ಮಾಡಿದಿ ಹೇಳ. ನನ್ನ ಮಕ್ಕಳ ಆಣಿ ಐತಿ." ಅವ್ವ ಮಗನಿಗೆ ಹೇಳುವುದಿಲ್ಲವೆಂದು ಆಣೆ ಮಾಡಿದ್ದಳು, ಅಳುವ ಹೆಂಗಸಿಗೆ ಹೇಳುವುದಿಲ್ಲವೆಂದಲ್ಲ. ಅದು ವಿಷವೆಂದು ಕೂಡ ಎಚ್ಚರಿಸಿದಳು. ಆದರೆ ಹೇಳಿದಳು. ನಾನು ಹೇಳಿದ್ದನ್ನೆಲ್ಲ ಕೇಳಿದ ಮೇಲೂ, ಮಗ ಬಿಟ್ಟದ್ದು ಕಬ್ಬಿಣದಿಂದಲೇ ಎಂಬ ನಂಬಿಕೆ ಅವಳ ಮನಸ್ಸಿನ ಮೂಲೆಯಲ್ಲಿ ಉಳಿದೇ ಇತ್ತು ಎಂದು ಕಾಣುತ್ತದೆ.

ಮಾತು ಕ್ವಾರಿ ಮುಟ್ಟಲು ಎಷ್ಟು ಹೊತ್ತು? ಮದ್ದು ಸಿಡಿದು ಧೂಳು ಇಳಿಯುವ ಹೊತ್ತಿನಲ್ಲಿ ಯಾರೋ ಅಣ್ಣನನ್ನು ಕೇಳಿದರಂತೆ, "ಏನಲೇ ಮುಕಾದಮ, ನಿಮ್ಮವ್ವ ಕಬ್ಬಣ ತಿನಿಸಿ ಕರ್ರಗ ಹೇಲಿಸಿ ಕುಡಿಯೋದ ಬಿಡಿಸಿದಳಂತಲ್ಲ!" ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಗುತ್ತಲೇ ಬಾಟಲಿಗೆ ಕೈ ಚಾಚಿದ.

ಮನೆಗೆ ಬಂದು ಅವ್ವನಿಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲವಂತೆ. "ಅವ್ವಾ, ನಾ ಇಷ್ಟು ದಿನ ಸಾಯ್ತೇನಿ ಸಾಯ್ತೇನಿ ಅಂತ ಹೆದರಿದ್ನೆಲ್ಲ, ನಿನ್ನ ಗುರೆಳ್ಳ ಹಿಂಡಿಗೇನು?" ಎಂದು ಕೇಳಿ ಅವಳ ಮಡಿಲಲ್ಲಿ ತಲೆಯಿಟ್ಟು ನಕ್ಕನಂತೆ. ಇದನ್ನೆಲ್ಲ ವೈನಿ ನನಗೆ ಕಾಗದ ಬರೆದು ತಿಳಿಸಿದಳು. ನಾನು ಊರಿಗೆ ಬಂದು ಬೈದೆ, ಕಣ್ಣೀರು ಹಾಕಿದೆ, ಡಾಕ್ಟರರ ಮಾತು ನೆನಪಿಸಿದೆ. "ಅಂವ ಏನ ಹೇಳಿದ್ದ? ಕರ್ರಗ ಬಂದ್ರ ಬಾ ಅಂದಿದ್ದ. ನಮ್ಮ ಮನಿಯಾಗ ಕರ್ರಗ ಬರೂದಕ್ಕ ಅವ್ವ ಸಾಕು" ಎಂದ. ಅದೊಂದು ಅವನ ಹೊಸ ನಗೆಮಾತಾಗಿತ್ತು.

ಮರುವರ್ಷ ಮಾವಿನ ಕಾಲದಲ್ಲಿ ಪ್ರಯೋಗಾಲಯಕ್ಕೆ ತಂತಿ ಬಂತು. ಬಾದಾಮಿಯಲ್ಲಿ ರೈಲಿಳಿದು ನಾನು ಮನೆ ಮುಟ್ಟುವ ಹೊತ್ತಿಗೆ ಅಣ್ಣನನ್ನು ಮಣ್ಣು ಮಾಡಿ ಬಂದಿದ್ದರು. ಕಟ್ಟೆಯ ಮೇಲೆ ಜನ ತಲೆ ತಗ್ಗಿಸಿ ಕೂತಿದ್ದರು.

ಏನಾಯಿತೆಂದು ಹೇಳಿದವಳು ವೈನಿ. ಒಂದು ವಾರದ ಹಿಂದೆ ಅಣ್ಣ ಹಿತ್ತಿಲಿನಿಂದ ನಗುತ್ತ ಬಂದನಂತೆ. "ನಿಮ್ಮತ್ತಿ ಮತ್ತ ಶುರು ಮಾಡ್ಯಾಳ ನೋಡು. ಮತ್ತ ಕರ್ರಗ. ಈ ಸಲ ನಾ ಹೆದರೂದಿಲ್ಲ ಅಂತ ಹೇಳಾಕಿಗೆ." ವೈನಿಯೂ ಅದನ್ನೇ ನಂಬಿದಳು. ಅತ್ತೆಯನ್ನು ಕೇಳಿದರೆ ಮನಸ್ಸಿಗೆ ನೋವಾದೀತೆಂದು ಕೇಳಲಿಲ್ಲ, ಮೇಲಾಗಿ ಹಾಕಿದರೆ ಹಾಕಲಿ, ಬಿಟ್ಟರೂ ಬಿಟ್ಟಾನು ಎಂಬ ಆಸೆ. ವಾರ ಕಳೆಯುವುದರೊಳಗೆ ಅವನು ರಕ್ತ ಕಾರಿದ. ಕ್ವಾರಿಯ ಜೀಪಿನಲ್ಲಿ ಹಾಕಿಕೊಂಡು ಹೊರಟರು. ಹುನಗುಂದ ದಾಟಿದರು, ಅಮೀನಗಡ ದಾಟಿದರು. ಬಾಗಲಕೋಟೆ ಮುಟ್ಟಿದಾಗ ಉಸಿರಿತ್ತು, ಮಾತಿರಲಿಲ್ಲ.

"ಕರ್ರಗ ಯಾವಾಗಿಂದ ಆಗಿತ್ತು?" ಎಂದು ಡಾಕ್ಟರರು ಕೇಳಿದರಂತೆ.

"ವಾರ ಆತ್ರಿ."

"ಅವತ್ತ ಯಾಕ ಕರಕೊಂಡು ಬರಲಿಲ್ಲ? ಅವತ್ತ ಬಂದಿದ್ರ ಏನರ ಮಾಡಬಹುದಿತ್ತು."



ನನ್ನ ಪ್ರಬಂಧ ಒಪ್ಪಿಗೆಯಾಯಿತು. ಆ ಯಂತ್ರದ ಬಳಿ ಮತ್ತೆ ಕೂರಲು ನನಗೆ ಮನಸ್ಸಾಗಲಿಲ್ಲ. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದು ಅವ್ವ, ವೈನಿ, ಮಗುವನ್ನು ಅಲ್ಲಿಗೇ ಕರೆದುಕೊಂಡು ಬಂದೆ. ಅವ್ವ ಗುರೆಳ್ಳ ಹಿಂಡಿ ಕುಟ್ಟುವುದನ್ನು ಬಿಟ್ಟಿದ್ದಳು. ಬಂದವರು ಹೋದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. "ಕಡೀ ಸಲ ನಾ ಹಾಕಿರಲಿಲ್ಲರೀ. ಲಿಂಗದ ಆಣಿ ಮಾಡಿದ್ದೆ, ತಪ್ಪಿಲ್ಲ." ಬಂದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ, ಹೌದು ಹೌದು ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಪೂಜೆ ಮುಗಿಸಿ ನನ್ನ ಹತ್ತಿರ ಬಂದು ಕೂತಳು. ನಾನು ಕಾಲೇಜಿಗೆ ಹೊರಟಿದ್ದೆ.

"ನೀ ಓದಿದಾಕಿ, ಖರೆ ಹೇಳು. ಕಡೀ ಸಲ ನಾ ಹಾಕಿರಲಿಲ್ಲ."

"ಗೊತ್ತೈತವ್ವಾ."

"ಹಾಕಿದ್ರ ಛಲೋ ಇತ್ತಲ್ಲ?" ಎಂದಳು. "ಆ ಕಪ್ಪು ನಂದ ಆಗಿರತಿತ್ತು."

ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಅಂದು ಕಾಲೇಜಿಗೆ ಹೋಗಲಿಲ್ಲ.